ಮಸುವೆಲೊ ಎದ್ದು ನಿಂತ ಮಧ್ಯಾಹ್ನ

ಅವರಿಗೆ ಕೊನೆಯ ನಾಲ್ಕು ವರ್ಷ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕಡೆಯಲ್ಲಿ ಹೇಳಿದರೆ ಕತೆ ಕಟ್ಟಿದಂತಾಗುತ್ತದೆ, ನನಗೆ ಕತೆ ಕಟ್ಟಲು ಬರುವುದಿಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಉದ್ಯೋಗ. ಯಾವುದು ಎಲ್ಲಿ ಹೇಗೆ ಕೆಟ್ಟಿತು ಎಂದು ಕಂಡಷ್ಟನ್ನೇ ಬರೆಯುವುದು ಅಭ್ಯಾಸವಾಗಿದೆ. ಅವರು ಹೋದ ದಿನದಿಂದ ಇನ್ನಷ್ಟು ನಿಧಾನವಾಗಿ ಬರೆಯುತ್ತಿದ್ದೇನೆ.

ಐರ್ಲೆಂಡಿನ ಲೂಕನ್ನಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಜೋಡಿಮನೆಗಳಾದ್ದರಿಂದ ನಡುವೆ ಇರುವುದು ಒಂದೇ ಗೋಡೆ. ಅವರು ಮೈಸೂರಿನವರು, ನನಗಿಂತ ಹದಿನೈದು ವರ್ಷ ಹಿರಿಯರು. ನಾನು ಧಾರವಾಡದವನು. ಹೋದ ತಿಂಗಳು ಕಾರ್ಕ್ ನಗರದ ಕಡೆಯಿಂದ ಕಾರಿನಲ್ಲಿ ಮನೆಗೆ ಬರುತ್ತಿದ್ದಾಗ ಎದೆನೋವು ಬಂದು ದಾರಿಯಲ್ಲಿನ ನೇಸ್ ಆಸ್ಪತ್ರೆಗೆ ಸೇರಿದರು. ಅವರ ಹೆಂಡತಿಗೆ ಡ್ರೈವಿಂಗ್ ಬರುವುದಿಲ್ಲ. ನಾನು ಕರೆದುಕೊಂಡು ಹೋದೆ. ನಾವು ತಲುಪುವಷ್ಟರಲ್ಲಿ ಮುಗಿದಿತ್ತು. ನರ್ಸ್ ಒಂದು ಚೀಲದಲ್ಲಿ ಕನ್ನಡಕ, ವಾಚು, ಮೊಬೈಲು ಕೊಟ್ಟು, ಕೊನೆಗೆ ಬಾಟಲಿಯ ಬಿರಡೆ ತೆಗೆಯುವ ಒಂದು ಪುಟ್ಟ ಕಾರ್ಕ್‌ಸ್ಕ್ರೂ ತೋರಿಸಿ, ಇದು ಅವರ ಮೈಮೇಲಿನ ದಾರಕ್ಕೆ ಕಟ್ಟಿತ್ತು, ಧಾರ್ಮಿಕ ವಸ್ತುವೇ ಎಂದು ಬಹಳ ಗೌರವದಿಂದ ಕೇಳಿದಳು. ಅಕ್ಕ, ಅಂದರೆ ಅವರ ಹೆಂಡತಿ, ಅದನ್ನು ಅಂಗೈಯಲ್ಲಿ ಹಿಡಿದು ನೋಡಿದರು.

“ಇವರಜ್ಜ ಜನಿವಾರಕ್ಕೆ ಬೀಗದ ಕೈ ಕಟ್ಕೋತಿದ್ರು” ಎಂದರು ನನಗೆ. ನರ್ಸಿಗೆ ಇಂಗ್ಲಿಷಿನಲ್ಲಿ ಹೌದು, ಧಾರ್ಮಿಕ ವಸ್ತುವೇ ಎಂದರು.

ಅವರ ಹೆಸರು ಇಲ್ಲಿ ಬೇಡ. ನಾವೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು. ಅವರು ಯಾರಿಗೂ ಪಾಠ ಮಾಡುವ ಮೇಷ್ಟ್ರಾಗಿರಲಿಲ್ಲ, ಆದರೆ ಎದುರಿಗೆ ಇಬ್ಬರು ಕುಳಿತರೆ ಸಾಕು, ಅದು ತರಗತಿಯಾಗುತ್ತಿತ್ತು. ಹಿಂದೆ ಕಂಪನಿಯ ಕೆಲಸದ ಮೇಲೆ ಆರು ತಿಂಗಳು ಸ್ಪೇನಿನಲ್ಲಿದ್ದು ಬಂದಿದ್ದರು. ಹೋಗುವಾಗ ಪ್ರಾಜೆಕ್ಟ್ ಮ್ಯಾನೇಜರ್, ಬರುವಾಗ ವೈನ್ ಪಂಡಿತ. ಅದೂ ಕೆಂಪು ವೈನ್, ಅದೂ ನಾಲ್ಕಾರು ಜಾತಿಯ ದ್ರಾಕ್ಷಿ ಬೆರೆಸಿ ಮಾಡಿದ್ದು ಮಾತ್ರ. ಫ್ರಾನ್ಸಿನ ಹೆಸರೆತ್ತಿದರೆ, ಬೇರೆ ಮಠದ ಸ್ವಾಮಿಗಳ ಹೆಸರು ಕೇಳಿದವರಂತೆ ಮುಖ ತಿರುಗಿಸುತ್ತಿದ್ದರು.

ಅವರ ಪಾಠದ ಮೊದಲ ಭಾಗ ನನಗೆ ಬಾಯಿಪಾಠವಾಗಿದೆ.

“ಒಂದೇ ಹಣ್ಣಿನ ವೈನ್ ಅಂದ್ರೆ ಬರೀ ಬೇಳೆ ಬೇಯ್ಸಿಟ್ಟ ಹಾಗೆ ಕಣಯ್ಯ. ಟೆಂಪ್ರನಿಯೊ ಅನ್ನೋದು ತೊಗರಿಬೇಳೆ. ಮೈಯೆಲ್ಲ ಅದರದ್ದೇ. ಆದ್ರೆ ಬೇಳೆ ಒಂದರಿಂದ ಹುಳಿ ಆಗತ್ತಾ? ಗರ್ನಾಚ ಬೆಲ್ಲ. ಬಿಸಿಲುಂಡು ಬೆಳೆದ ಹಣ್ಣು, ಕಾವು ಕೊಡತ್ತೆ. ಮಸುವೆಲೊ ಹುಣಸೆಹಣ್ಣು. ಜಾಸ್ತಿ ಆದ್ರೆ ಹಲ್ಲು ಜುಂ ಅನ್ನತ್ತೆ, ಇಲ್ದೇ ಇದ್ರೆ ಸಪ್ಪೆ. ಇನ್ನು ಗ್ರಸಿಯಾನೊ, ಅದು ಇಂಗು. ಚಿಟಿಕೆ ಸಾಕು. ಬೆಳೆಯೋದು ಕಮ್ಮಿ, ಹಣ್ಣಾಗೋದು ತಡ, ಆದ್ರೆ ಮನೆ ತುಂಬಾ ಅದರದ್ದೇ ಘಮ.”

ಇಷ್ಟು ಕೇಳಿದ ಮೇಲೆ, ಒಂದು ಹನಿಯನ್ನೂ ಮುಟ್ಟದ ನನಗೂ ಸ್ಪೇನಿನ ಕೆಂಪು ವೈನ್ ಏನೆಂದು ತಿಳಿಯಿತು. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ತೊಂದರೆ ಏನೆಂದರೆ ಅವರು ಇಷ್ಟಕ್ಕೆ ನಿಲ್ಲಿಸುತ್ತಿರಲಿಲ್ಲ. ಹಣ್ಣಿನಿಂದ ಮಣ್ಣಿಗೆ, ಮಣ್ಣಿನಿಂದ ಮರದ ಪೀಪಾಯಿಗೆ, ಪೀಪಾಯಿಯಿಂದ ನಮ್ಮೆಲ್ಲರ ಗುಣಸ್ವಭಾವಕ್ಕೆ ಬರುತ್ತಿದ್ದರು. ನಮ್ಮ ಬಡಾವಣೆಯ ಪ್ರತಿಯೊಬ್ಬ ಕನ್ನಡಿಗನಿಗೂ ಒಂದೊಂದು ದ್ರಾಕ್ಷಿಯ ಹೆಸರು ಇಟ್ಟಿದ್ದರು. ಎದುರುಮನೆಯ ಕಿರಣ, ಬೆಂಗಳೂರಿನ ಹುಡುಗ, ಹೊಸದಾಗಿ ಮದುವೆಯಾದವನು, ಬೊಬಾಲ್. “ಎಲ್ಲಿ ನೆಟ್ಟರೂ ಬೆಳೆಯತ್ತೆ, ಬಣ್ಣ ಜಾಸ್ತಿ, ವಿಷಯ ಕಮ್ಮಿ.” ಕಿರಣ ಅದನ್ನು ಬಿರುದೆಂದು ತಿಳಿದು ವಾಟ್ಸಾಪಿನಲ್ಲಿ ತನ್ನ ಹೆಸರಿನ ಮುಂದೆ ಹಾಕಿಕೊಂಡ. ನಾನು ಮುಸಲ್ಮಾನ, ಕುಡಿಯದವನು, ಹಾಗಾಗಿ ತಿನ್ನುವ ದ್ರಾಕ್ಷಿ. “ಸಾಹೇಬ್ರು ಪಾಪ, ಹುಳಿಯಾಗೋದೂ ಇಲ್ಲ, ಏರೋದೂ ಇಲ್ಲ.” ತಾವು ಮಾತ್ರ ಟೆಂಪ್ರನಿಯೊ. ಅಕ್ಕ ಮಸುವೆಲೊ.

“ಟೆಂಪ್ರನಿಯೊ ಅಂದ್ರೆ ಎಲ್ಲದಕ್ಕಿಂತ ಮುಂಚೆ ಹಣ್ಣಾಗೋದಂತೆ” ಎಂದು ಅಕ್ಕ ಒಳಗಿನಿಂದ ಹೇಳುತ್ತಿದ್ದರು. “ತಲೆ ನೋಡಿದ್ರೇ ಗೊತ್ತಾಗತ್ತೆ ಬಿಡಿ.”

ಒಮ್ಮೆ ಸೂಪರ್‌ಮಾರ್ಕೆಟಿನಲ್ಲಿ ಅವರ ಜೊತೆಗಿದ್ದೆ. ವೈನ್ ಸಾಲಿನ ಮುಂದೆ ಒಬ್ಬ ಐರಿಷ್ ಅಜ್ಜಿ ಎರಡು ಬಾಟಲಿ ಹಿಡಿದು ನಿಂತಿದ್ದಳು. ಇವರು ಹೋಗಿ, ಕೇಳದಿದ್ದರೂ, ಬಲಗೈಯ ಬಾಟಲಿಯಲ್ಲಿ ಗ್ರಸಿಯಾನೊ ಇದೆ, ಎಡಗೈಯದರಲ್ಲಿ ಇಲ್ಲ ಎಂದು ಶುರುಮಾಡಿದರು. ಅಜ್ಜಿ ತಲೆಯಾಡಿಸುತ್ತ ಕೇಳಿದಳು. ಇವರು ಉಸಿರು ತೆಗೆದುಕೊಳ್ಳಲು ನಿಂತಾಗ, “ಕೋಳಿಗೆ ಹೊಂದುತ್ತದಾ, ಮಗು?” ಎಂದು ಕೇಳಿದಳು. ಇವರು ಕೋಳಿಯ ಬಗ್ಗೆ ಏನೋ ಹೇಳಲು ಬಾಯಿ ತೆರೆದರು, ಆದರೆ ಜನ್ಮದಲ್ಲಿ ಕೋಳಿ ತಿಂದವರಲ್ಲ. “ಗ್ರ್ಯಾಂಡ್ ಸೋ”, ಅಂದರೆ ಸರಿ ಬಿಡು, ಎಂದು ಅಜ್ಜಿ ಎರಡನ್ನೂ ಕೆಳಗಿಟ್ಟು, ಚೀಟಿಯ ಮೇಲೆ ಹಕ್ಕಿಯ ಚಿತ್ರವಿದ್ದ ಮೂರನೆಯ ಬಾಟಲಿ ತೆಗೆದುಕೊಂಡು ಹೋದಳು. ಕಾರಿನಲ್ಲಿ ಕುಳಿತ ಮೇಲೆ ಸರ್ ಈ ದೇಶಕ್ಕೆ ಭವಿಷ್ಯವಿಲ್ಲ ಎಂದರು.

ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ವೈನ್ ಕೂಟ ನಡೆಯುತ್ತಿತ್ತು. ನಾನು ಹೋಗುತ್ತಿದ್ದುದು ಅಕ್ಕನ ಕೈ ಅಡುಗೆಗಾಗಿ, ಮತ್ತು ಮುಗಿದ ಮೇಲೆ ದೂರದವರನ್ನು ಅವರವರ ಮನೆಗೆ ಬಿಡಲು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಶರಬತ್ತಿನ ಲೋಟ ಹಿಡಿದು ಕೂರುತ್ತಿದ್ದೆ. ಅವರು ಬಾಟಲಿಗಳಿಗೆ ಮಗಳ ಆಟದ ಉದ್ದ ಕಾಲುಚೀಲ ತೊಡಿಸಿ, ಹೆಸರು ಕಾಣದ ಹಾಗೆ ಮಾಡಿ, ಒಂದೊಂದನ್ನೇ ಸುರಿದು, ಏನೇನು ಬೆರೆತಿದೆ ಹೇಳಿ ಎನ್ನುತ್ತಿದ್ದರು. ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ಆಮೇಲೆ ಅವರು ಕಣ್ಣು ಮುಚ್ಚಿ, ಮೂಗನ್ನು ಗ್ಲಾಸಿನೊಳಗೆ ಇಳಿಸಿ, ಗ್ರಸಿಯಾನೊ ಇಷ್ಟು, ಗರ್ನಾಚ ಇಷ್ಟು ಎಂದು ಹೇಳಿ ಕಾಲುಚೀಲ ಜಾರಿಸಿದರೆ ಚೀಟಿಯಲ್ಲಿ ಅದೇ ಇರುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಕಾಲುಚೀಲ ತೊಡಿಸಿದವರೂ ಅವರೇ ಎಂಬುದು ನನ್ನನ್ನು ಬಿಟ್ಟು ಯಾರಿಗೂ ಹೊಳೆಯುತ್ತಿರಲಿಲ್ಲ. ನನಗೆ ಹೊಳೆದದ್ದು ನಾನು ಕುಡಿಯುತ್ತಿರಲಿಲ್ಲವೆಂದಷ್ಟೇ.

ನ್ಯಾಯವಾಗಿ ಹೇಳಬೇಕು: ಮೊದಲು ಅವರಿಗೆ ನಿಜವಾಗಿಯೂ ಮೂಗು ಇತ್ತು. ನಮ್ಮ ಮನೆಯಲ್ಲಿ ಬಿರಿಯಾನಿಗೆ ಜಾಕಾಯಿ ಹಾಕಿದ ದಿನ ಗೋಡೆಯ ಆ ಕಡೆಯಿಂದಲೇ ಕಂಡುಹಿಡಿದು ಫೋನ್ ಮಾಡಿದ್ದುಂಟು. ಆಮೇಲೆ ಒಂದು ಚಳಿಗಾಲ ಎಲ್ಲರ ಮನೆಗೂ ಜ್ವರ ಬಂದು ಹೋಯಿತು. ಎಲ್ಲರ ಮೂಗೂ ಕೆಲವು ವಾರ ಕಟ್ಟಿ, ಮತ್ತೆ ತೆರೆಯಿತು. ಅವರದು ತೆರೆಯಲಿಲ್ಲ. ಅವರು ಯಾರಿಗೂ ಹೇಳಲಿಲ್ಲ.

ನನಗೆ ತಿಳಿದದ್ದು ಹೀಗೆ. ಒಂದು ಸಂಜೆ ಅವರ ಮನೆಗೆ ಹೋದರೆ, ಅಕ್ಕ ಮಹಡಿಯ ಮೇಲಿದ್ದರು, ಒಲೆಯ ಮೇಲೆ ಹಾಲು ಉಕ್ಕಿ, ಬತ್ತಿ, ಪಾತ್ರೆಯ ತಳ ಕಪ್ಪಾಗಿತ್ತು. ನನಗೆ ಹೊರಗಿನ ಬಾಗಿಲಲ್ಲೇ ಕಮಟು ಬಡಿದಿತ್ತು. ಸರ್ ಒಲೆಯ ಪಕ್ಕದ ಮೇಜಿನಲ್ಲೇ ಕುಳಿತು ವೈನಿನ ಪುಸ್ತಕ ಓದುತ್ತಿದ್ದರು. ಅವರ ಮಗಳು ಮೇಲಿನಿಂದ ಓಡಿ ಬಂದು ಒಲೆ ಆರಿಸಿ, “ಡ್ಯಾಡ್! ಕ್ಯಾನ್ ಯೂ ನಾಟ್ ಸ್ಮೆಲ್ ದ್ಯಾಟ್?” ಎಂದು ಕೂಗಿದಳು.

ಅವರು ಪುಟ ತಿರುಗಿಸಿದರು. “ಅಮ್ಮ ಕೋವಾ ಮಾಡ್ತಿದಾಳೆ ಅಂದ್ಕೊಂಡೆ” ಎಂದರು.

ಕೆಳಗಿಳಿದು ಬಂದಿದ್ದ ಅಕ್ಕ ನನ್ನನ್ನು ಬಾಗಿಲವರೆಗೆ ಬಿಡಲು ಬಂದರು. “ನೋಡಿದ್ಯಲ್ಲ. ಡಾಕ್ಟರ ಹತ್ರ ಹೋಗಿ ಅಂದ್ರೆ, ಹೋದ್ರೆ ಊರಿಗೆಲ್ಲ ಗೊತ್ತಾಗತ್ತೆ ಅಂತಾರೆ. ಯಾರ ಮುಂದೇನೂ ಆಡಬೇಡಪ್ಪ.”

“ಇಲ್ರಿ ಅಕ್ಕಾರ” ಎಂದೆ.

ಆ ಹೊತ್ತಿಗೆ ಇದು ಬರೀ ಹೆಮ್ಮೆಯ ಪ್ರಶ್ನೆಯಾಗಿತ್ತು. ಎರಡು ವರ್ಷದ ಮೇಲೆ ಹೊಟ್ಟೆಪಾಡಿನ ಪ್ರಶ್ನೆಯಾಯಿತು. ಅವರ ಕಂಪನಿ ಒಂದು ಬೆಳಗ್ಗೆ ಬಹಳ ಜನರನ್ನು ಮನೆಗೆ ಕಳಿಸಿತು, ಅವರೂ ಅದರಲ್ಲಿದ್ದರು. ಐವತ್ತು ದಾಟಿದ ಮ್ಯಾನೇಜರನ್ನು ಮತ್ತೆ ಯಾರೂ ಕರೆಯಲಿಲ್ಲ. ಅವರು ಮಾತ್ರ, “ನಾನೇ ಬಿಟ್ಟೆ ಕಣ್ರಿ. ಇನ್ನು ಮೇಲೆ ವೈನೇ ನನ್ನ ವೃತ್ತಿ” ಎಂದು ಎಲ್ಲರಿಗೂ ಹೇಳಿಕೊಂಡು ಬಂದರು. ಹೇಗೋ ಡೆಕ್ಲನ್ ಎಂಬ ಐರಿಷ್‌ನವನ ಪರಿಚಯ ಮಾಡಿಕೊಂಡರು. ಅವನು ಕಾರ್ಕ್ ಬಳಿಯ ಲಿಟಲ್ ಐಲ್ಯಾಂಡ್‌ನಲ್ಲಿ ಗೋದಾಮು ಇಟ್ಟುಕೊಂಡು, ಸ್ಪೇನಿನಿಂದ ವೈನ್ ತರಿಸಿ ಹೋಟೆಲುಗಳಿಗೆ ಹಾಕುವವನು. ಹೋಟೆಲಿನವರಿಗೆ ವೈನಿನ ರುಚಿ ವಾಸನೆ ವಿವರಿಸಿ ಮಾರಲು ಅವನಿಗೆ ಒಬ್ಬ ಆಳು ಬೇಕಿತ್ತು. ಕಾಗದಪತ್ರ ಏನೂ ಕೇಳಲಿಲ್ಲ. ನಿಮ್ಮ ಭಾನುವಾರದ ಕೂಟಕ್ಕೆ ಬರುತ್ತೇನೆ, ಜನರ ಮುಂದೆ ನಿಮ್ಮನ್ನು ನೋಡಬೇಕು ಎಂದನಂತೆ.

ಮೂಗಿಲ್ಲದ ಮನುಷ್ಯ, ಮೂಗಿನ ಕೆಲಸ, ಮೂಗಿನ ಪರೀಕ್ಷೆ. ಅಕ್ಕ ನನ್ನ ಹೆಂಡತಿಯ ಮುಂದೆ, ಈ ಕೆಲಸ ಸಿಗದಿದ್ದರೆ ಇವರು ಎದ್ದು ನಿಲ್ಲಲ್ಲ ಎಂದು ಅತ್ತರಂತೆ. ಅಕ್ಕ ಸುಮ್ಮಸುಮ್ಮನೆ ಅಳುವವರಲ್ಲ.

ಇನ್ನೊಂದು ವಿಷಯ ಇಲ್ಲಿಯೇ ಹೇಳಬೇಕು. ಆ ವರ್ಷ ಚಳಿಗಾಲದಲ್ಲಿ ಸರ್ ಅವರ ತಾಯಿ ಮೈಸೂರಿನಿಂದ ಬಂದಿದ್ದರು. ಬಹಳ ಮಡಿಯ ಹೆಂಗಸು. ಮಗ ವೈನ್ ಕುಡಿಯುವುದು ಅವರಿಗೆ ಗೊತ್ತಿರಲಿಲ್ಲ. ಅವರಿರುವಷ್ಟು ದಿನವೂ ಭಾನುವಾರದ ಕೂಟ ನಿಲ್ಲಲಿಲ್ಲ, ಸ್ಟೀಲ್ ಲೋಟಗಳಲ್ಲಿ ನಡೆಯಿತು. “ಇಷ್ಟು ಚಳೀಲಿ ದ್ರಾಕ್ಷಿ ರಸ ಕುಡೀತೀರಲ್ಲೋ, ನೆಗಡಿ ಆಗಲ್ವೇನ್ರೋ” ಎಂದು ಅಜ್ಜಿ ಒಬ್ಬೊಬ್ಬರ ತಲೆ ಸವರಿ ಹೋಗುತ್ತಿದ್ದರು. ಆದರೆ ಬಾಟಲಿಗಳನ್ನು ಎಲ್ಲಿ ಬಚ್ಚಿಡುವುದು? ಮೆಟ್ಟಿಲ ಕೆಳಗಿನ ತಂಪು ಗೂಡಿನಲ್ಲಿದ್ದವು, ಅಲ್ಲಿ ಅಜ್ಜಿಯ ಹಪ್ಪಳ, ಉಪ್ಪಿನಕಾಯಿ ಬಂದು ಕುಳಿತವು. ಅಜ್ಜಿ ಮನೆಯ ಎಲ್ಲ ಕಪಾಟನ್ನೂ ತೆರೆದು ನೋಡುವವರು. ಒಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಬಿಸಿನೀರಿನ ಸಿಲಿಂಡರ್ ಇರುವ ಕಪಾಟು, ಇಲ್ಲಿಯವರು ಹಾಟ್ ಪ್ರೆಸ್ ಎನ್ನುತ್ತಾರೆ, ಟವೆಲ್ಲು ಚಾದರಗಳನ್ನು ಬೆಚ್ಚಗಿಡುವ ಜಾಗ. ಎಲ್ಲರ ಮೈಲಿಗೆ ಬಟ್ಟೆ ಒಟ್ಟಿಗಿರುವಲ್ಲಿ ಅಜ್ಜಿ ಕೈ ಹಾಕುವ ಮಾತೇ ಇಲ್ಲ. ಸರ್ ಇದನ್ನು ಲೆಕ್ಕ ಹಾಕಿ, ಕಿರಣನ ಕೈಯಲ್ಲಿ ಬಾಟಲಿಗಳನ್ನೆಲ್ಲ ಅಲ್ಲಿಗೆ ಸಾಗಿಸಿದರು. ನಾನು ಎದುರಿಗೇ ಇದ್ದೆ.

“ಸರ್, ಅಲ್ಲಿ ಹಗಲೂ ರಾತ್ರಿ ಬಿಸಿ ಇರತೈತ್ರಿ” ಎಂದೆ.

“ಸಾಹೇಬ್ರೇ, ಇವು ಸ್ಪೇನಿನ ಬಿಸಿಲಲ್ಲೇ ಹುಟ್ಟಿದ ಹಣ್ಣು. ಕಾವು ಅಂದ್ರೆ ತವರುಮನೆ ಇದ್ದ ಹಾಗೆ ಅವಕ್ಕೆ” ಎಂದರು.

ಅಜ್ಜಿ ಊರಿಗೆ ಹೋದ ಮೇಲೂ ಬಾಟಲಿಗಳು ತವರುಮನೆಯಲ್ಲೇ ಉಳಿದವು.

ಡೆಕ್ಲನ್ ಬಂದದ್ದು ಬೇಸಿಗೆಯ ಒಂದು ಭಾನುವಾರ. ದಪ್ಪ ಮೈ, ಕೆಂಪು ಮುಖ, ಹೆಚ್ಚು ಮಾತಿಲ್ಲ. ಬಾಗಿಲಲ್ಲಿ ಬೂಟು ಬಿಚ್ಚಿ, ತೂತು ಬಿದ್ದ ಕಾಲುಚೀಲದಲ್ಲಿ ಒಳಗೆ ಬಂದು ಸೋಫಾದ ತುದಿಯಲ್ಲಿ ಕುಳಿತ. ನನ್ನನ್ನು ಬಿಟ್ಟು ನಮ್ಮವರು ಹನ್ನೊಂದು ಜನ, ಎಲ್ಲರೂ ಇಸ್ತ್ರಿ ಮಾಡಿದ ಅಂಗಿಯಲ್ಲಿ. ಕಿರಣ ಟೈ ಕಟ್ಟಿಕೊಂಡು ಬಂದಿದ್ದ. ನಾನು ನನ್ನ ಕುರ್ಚಿಯಲ್ಲಿದ್ದೆ. ಸರ್ ರೇಷ್ಮೆ ಜುಬ್ಬಾ ಹಾಕಿದ್ದರು. ಬೇಳೆ, ಬೆಲ್ಲ, ಹುಣಸೆ, ಇಂಗು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿ ಡೆಕ್ಲನ್‌ನನ್ನು ನಗಿಸಿದರು. ಅಂಗಡಿಯಿಂದ ಆಗಷ್ಟೇ ತಂದ ಮೂರು ಬಾಟಲಿ ಚೆನ್ನಾಗಿಯೇ ಕಳೆದವು. ನಾಲ್ಕನೆಯದಕ್ಕೆ ಕಾಲುಚೀಲ ಇರಲಿಲ್ಲ. ಅದು ಸ್ಪೇನಿನಿಂದ ಬರುವಾಗ ತಂದು, ಯಾರಿಗೂ ಕೊಡದೆ ಕಾಪಾಡಿಕೊಂಡಿದ್ದ ಬಾಟಲಿ. ನಾಲ್ಕೂ ಹಣ್ಣು ಬೆರೆತದ್ದು. ಅವರು ಅದನ್ನು ಹಾಟ್ ಪ್ರೆಸ್‌ನಿಂದ ಎರಡೂ ಕೈಯಲ್ಲಿ ಹಿಡಿದು ತಂದಾಗ ನಾನು ಕಂಡದ್ದನ್ನು ಹೇಳುತ್ತೇನೆ. ಬಿರಡೆ ಬಾಟಲಿಯ ಬಾಯಿಗಿಂತ ಮೇಲಕ್ಕೆ ಉಬ್ಬಿ ಬಂದಿತ್ತು. ಕುತ್ತಿಗೆಯ ಉದ್ದಕ್ಕೂ ಅಂಟು ಅಂಟಾದ ಕಂದು ಗೆರೆ ಇಳಿದಿತ್ತು.

ಸುರಿದರು. ನಾನು ಕುಳಿತಿದ್ದಲ್ಲಿಗೇ ವಾಸನೆ ಬಂತು.

ಸರ್ ಕಣ್ಣು ಮುಚ್ಚಿ ಮೂಗು ಇಳಿಸಿದರು. ಮುಖದಲ್ಲಿ ಪರಮಾನಂದ. ಆಮೇಲೆ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ನಾಲಿಗೆಗೆ ಹುಳಿ ಮಾತ್ರ ತಿಳಿದಿರಬೇಕು. ಹುಬ್ಬು ಮೇಲಕ್ಕೆ ಹೋಯಿತು, ಕೈ ಗಾಳಿಯಲ್ಲಿ ಎದ್ದಿತು.

“ಆಹಾ! ನೋಡಿ, ಮಸುವೆಲೊ! ಮಸುವೆಲೊ ಹೇಗೆ ಎದ್ದು ನಿಂತಿದೆ ನೋಡಿ!”

ಹನ್ನೊಂದು ಜನರೂ ಕುಡಿದರು. ಒಬ್ಬೊಬ್ಬರ ಮುಖವನ್ನೂ ನಾನು ನೋಡಿದೆ. ಒಬ್ಬರ ಕಣ್ಣಲ್ಲಿ ನೀರು ಬಂತು. ಒಬ್ಬರು ಕೆಮ್ಮನ್ನು ನುಂಗಿದರು. “ಹೌದು ಸರ್, ಎದ್ದು ನಿಂತಿದೆ” ಎಂದರು ಒಬ್ಬರು. “ಚೆರ್ರಿ ಬರ್ತಾ ಇದೆ” ಎಂದರು ಇನ್ನೊಬ್ಬರು. “ಹಿಂದ್ಗಡೆಯಿಂದ ಸ್ವಲ್ಪ ಲೆದರ್” ಎಂದರು ಮತ್ತೊಬ್ಬರು. ಕಿರಣ ಗ್ಲಾಸು ಖಾಲಿ ಮಾಡಿ, “ಸರ್, ಇದು ನೆಕ್ಸ್ಟ್ ಲೆವೆಲ್ ಐತೆ. ಇನ್ನೊಂಚೂರು ಹಾಕಿ” ಎಂದ.

ಡೆಕ್ಲನ್ ಗ್ಲಾಸನ್ನು ಮೂಗಿನ ಹತ್ತಿರ ತಂದು, ಹಾಗೆಯೇ ಕೆಳಗಿಟ್ಟ. ಕುಡಿಯಲಿಲ್ಲ. ಸರ್ ಕಡೆ ನೋಡಿದ, ಆಮೇಲೆ ಹನ್ನೊಂದು ಜನರ ಕಡೆ ಒಬ್ಬೊಬ್ಬರಾಗಿ ನೋಡಿದ. “ಇಂಟರೆಸ್ಟಿಂಗ್” ಎಂದ. ಆ ಮಾತು ಸರ್‌ಗೆ ಸಾಲಲಿಲ್ಲ. ಎದ್ದು ನನ್ನ ಹತ್ತಿರ ಬಂದರು.

“ಸಾಹೇಬ್ರೇ, ಕುಡಿಯೋದು ಬೇಡ. ಮೂಸೋಕ್ಕೆ ಅಡ್ಡಿ ಇಲ್ವಲ್ಲ? ನಿಮ್ಮಂಥ ಶುದ್ಧ ಮೂಗಿಗೆ ಏನನ್ನಿಸತ್ತೆ, ಎಲ್ಲರಿಗೂ ಹೇಳಿ.”

“ಮೂಸೂದು ಬ್ಯಾಡ್ರಿ ಸರ್. ಇಲ್ಲೀತನಾನೂ ಬರಾಕತ್ತೈತ್ರಿ.”

“ಏನು ಬರ್ತಾ ಇದೆ?”

ನಾನು ಅಕ್ಕನಿಗೆ ಕೊಟ್ಟ ಮಾತು ಮೂಗಿನ ವಿಷಯದ್ದು, ವೈನಿನ ವಿಷಯದ್ದಲ್ಲ. ಅದೂ ಅಲ್ಲದೆ ಕೇಳಿದ್ದಕ್ಕೆ ಇದ್ದದ್ದು ಹೇಳುವುದು ಬಿಟ್ಟರೆ ನನಗೆ ಬೇರೆ ಉತ್ತರ ತೋಚುವುದಿಲ್ಲ.

“ವಿನೆಗರ್ರಿ ಸರ್. ಚಿಪ್ಪರ್ ಅಂಗಡಿ ಮುಂದ ನಿಂತಂಗ ಆಗೈತ್ರಿ.”

ಇಲ್ಲಿ ಆಲೂಗಡ್ಡೆ ಚಿಪ್ಸ್ ಕರಿದು, ಮೇಲೆ ವಿನೆಗರ್ ಚಿಮುಕಿಸಿ ಮಾರುವ ಅಂಗಡಿಗೆ ಚಿಪ್ಪರ್ ಎನ್ನುತ್ತಾರೆ. ಕನ್ನಡ ಬಾರದ ಡೆಕ್ಲನ್‌ಗೂ ಆ ಎರಡು ಪದ ತಿಳಿದವು. ಅವನು ತಲೆ ಎತ್ತಿದ. ಮಿಕ್ಕವರೆಲ್ಲ ಹೋ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಸರ್.

“ಕುಡಿಯದೇ ಇರೋರ ಮೂಗು ಅಂದ್ರೆ ಓದದೇ ಇರೋರ ವಿಮರ್ಶೆ!” ಎಂದರು. “ಸಾಹೇಬ್ರೇ, ಅದು ವಿನೆಗರ್ ಅಲ್ಲ, ಮಸುವೆಲೊ.”

“ಸಾಹೇಬ್ರಿಗೆ ಬಿರಿಯಾನಿ ಒಂದೇ ಗೊತ್ತಾಗೋದು ಸರ್” ಎಂದ ಕಿರಣ.

ಆಗ ಅಕ್ಕ ಅಡುಗೆಮನೆಯಿಂದ ಆಂಬೊಡೆಯ ತಟ್ಟೆ ಹಿಡಿದು ಬಂದರು. ಬಾಗಿಲಲ್ಲೇ ನಿಂತರು. ಅವರ ಮೂಗಿನ ಹೊಳ್ಳೆ ಒಮ್ಮೆ ಅರಳಿದ್ದನ್ನು ಕಂಡೆ. ಗಂಡನನ್ನು ನೋಡಿದರು, ಬಿರಡೆಯನ್ನು ನೋಡಿದರು, ಡೆಕ್ಲನ್‌ನ ಮುಂದಿದ್ದ ತುಂಬಿದ ಗ್ಲಾಸನ್ನು ನೋಡಿದರು. ತಟ್ಟೆ ಮೇಜಿನ ಮೇಲಿಟ್ಟು, ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಒಮ್ಮೆಯೂ ವೈನ್ ಗ್ಲಾಸು ಮುಟ್ಟದವರು ಆ ಗ್ಲಾಸನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಇಂಗ್ಲಿಷಿನಲ್ಲೇ ಹೇಳಿದರು.

“ಡೆಕ್ಲನ್, ನೀವು ಪಾಸು. ಇವರೂ ಪಾಸು” ಎಂದು ನನ್ನ ಕಡೆ ಕೈ ತೋರಿಸಿದರು. “ನಮ್ಮ ಯಜಮಾನರು ಕೂಟದಲ್ಲಿ ಬೇಕಂತಲೇ ಒಂದು ಕೆಟ್ಟ ಬಾಟಲಿ ಸೇರಿಸ್ತಾರೆ. ಯಾರು ತಮ್ಮ ಮೂಗನ್ನ ನಂಬ್ತಾರೆ, ಯಾರು ಬರೀ ಇವರ ಮಾತು ನಂಬ್ತಾರೆ ನೋಡೋಕ್ಕೆ.” ಆಮೇಲೆ ಗಂಡನ ಕಡೆ ತಿರುಗಿ ಕನ್ನಡದಲ್ಲಿ, ಬಹಳ ಸಾವಧಾನವಾಗಿ, “ಸಾಕು ಕಣ್ರೀ. ಹೇಳಿಬಿಡಿ. ಪಾಪ, ಹುಡುಗರು ಎಷ್ಟೂಂತ ಕುಡೀತಾರೆ” ಎಂದರು.

ಸರ್ ಬಾಯಿ ತೆರೆದೇ ಇತ್ತು. ಮುಖದ ಬಣ್ಣ ಹೋಗಿತ್ತು. ತಮ್ಮ ಗ್ಲಾಸನ್ನು ನೋಡಿದರು. ಮತ್ತೆ ಮೂಗಿನ ಹತ್ತಿರ ತರಲು ಕೈ ಎತ್ತಿ, ಅರ್ಧಕ್ಕೇ ನಿಲ್ಲಿಸಿದರು. ಆ ಅರ್ಧ ಎತ್ತಿದ ಕೈ ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ. ಬಾಯಿ ಮುಚ್ಚಿದರು. ಮತ್ತೆ ತೆರೆದಾಗ ಅವರು ಪೂರ್ತಿ ಅವರೇ ಆಗಿದ್ದರು.

“ಕುರಿಗಳು!” ಎಂದು ಗುಡುಗಿದರು. “ನಾನು ಮಸುವೆಲೊ ಅಂದ ಕೂಡಲೇ ಮಸುವೆಲೊ! ಸೀಮೆಎಣ್ಣೆ ಕೊಟ್ಟು ಗರ್ನಾಚ ಅಂದಿದ್ರೆ? ಚೆರ್ರಿ ಬರ್ತಾ ಇದೆಯಂತೆ, ಚೆರ್ರಿ! ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ನನಗೆ ನಾಚಿಕೆಯಾಗ್ಬೇಕು!”

“ಸರ್, ನನಗೆ ಒಂಚೂರು ಡೌಟ್ ಇತ್ತು” ಎಂದ ಕಿರಣ.

“ಎರಡನೇ ಗ್ಲಾಸ್ ಹಾಕಿಸ್ಕೊಂಡ್ಯಲ್ಲಪ್ಪ” ಎಂದರು ಅಕ್ಕ. “ಆಂಬೊಡೆ ತಗೋ.”

ಎಲ್ಲರೂ ತಲೆ ತಗ್ಗಿಸಿ ಆಂಬೊಡೆ ತಿಂದರು. ಡೆಕ್ಲನ್ ನಾಲ್ಕು ತಿಂದ. ಹೋಗುವಾಗ ಸರ್ ಕೈಯನ್ನು ಬಹಳ ಹೊತ್ತು ಕುಲುಕಿ, ಸೋಮವಾರ ಫೋನ್ ಮಾಡುತ್ತೇನೆ ಎಂದ.

ಜನ ಹೋದ ಮೇಲೆ ಸರ್ ನನ್ನನ್ನು ಬಟ್ಟೆ ಒಗೆಯುವ ಮೆಷಿನ್ ಇರುವ ಚಿಕ್ಕ ಕೋಣೆಗೆ ಕರೆದು ಬಾಗಿಲು ಹಾಕಿದರು. ಕೈಯಲ್ಲಿ ಆ ಬಾಟಲಿ ಇತ್ತು.

“ನಿಜವಾಗ್ಲೂ ವಿನೆಗರಾ?”

“ಹೌದ್ರಿ ಸರ್.”

“ಸ್ವಲ್ಪನಾ?”

“ಪೂರ್ತಿ ಆಗೈತ್ರಿ.”

ಅವರು ಬಾಟಲಿಯ ಬಾಯಿಗೆ ಮೂಗಿಟ್ಟು ಉಸಿರೆಳೆದರು. ಇನ್ನೊಮ್ಮೆ ಎಳೆದರು. ಮಕ್ಕಳು ಬಾವಿಯಲ್ಲಿ ಇಣುಕುವಂತೆ ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು. “ತುಂಬ ಒಳ್ಳೇ ವೈನ್ ಕಣ್ರಿ ಇದು” ಎಂದರು. ಸಿಂಕಿಗೆ ಸುರಿಯಲು ಹೋದವರು ಸುರಿಯಲಾರದೆ ನನ್ನ ಕೈಗೆ ಕೊಟ್ಟರು. ನಾನು ಅಂಥದ್ದನ್ನು ಮುಟ್ಟುವವನಲ್ಲ, ಆದರೆ ವಿನೆಗರ್ ಮುಟ್ಟಲು ನಮ್ಮಲ್ಲಿ ಅಡ್ಡಿಯಿಲ್ಲ. ನಾನೇ ಸುರಿದೆ.

ಇಷ್ಟು ಹೊತ್ತು ಅವರನ್ನು ಹಾಸ್ಯ ಮಾಡುತ್ತ ಬಂದವನಿಗೆ ಆ ಕೋಣೆಯ ಬಗ್ಗೆ ಮಾತ್ರ ಹಾಸ್ಯ ಬರುವುದಿಲ್ಲ. ಅವರೇ ಬೇಗ ಸಹಾಯಕ್ಕೆ ಬಂದರು, ಏಕೆಂದರೆ ಅವರ ವಿನಯ ಮರುದಿನ ಡೆಕ್ಲನ್‌ನ ಫೋನ್ ಬರುವವರೆಗೂ ಉಳಿಯಲಿಲ್ಲ. ಕೆಲಸ ಸಿಕ್ಕಿತು. ಆಮೇಲೆ ವಿನೆಗರ್ ಪರೀಕ್ಷೆಯ ಕತೆಯನ್ನು ಅವರು ಲೂಕನ್ನಿನ ಪ್ರತಿ ಮನೆಯಲ್ಲೂ ಹೇಳಿದರು. ಮೊದಲ ಸಲ ಹೇಳಿದಾಗ ಅಕ್ಕ ಕತೆಯಲ್ಲಿದ್ದರು. ಕೆಲವು ತಿಂಗಳಲ್ಲಿ ಅಕ್ಕ ಆಂಬೊಡೆ ತಂದವರಷ್ಟೇ ಆದರು. ಬಾಟಲಿಯನ್ನು ಹಾಟ್ ಪ್ರೆಸ್‌ನಲ್ಲಿಟ್ಟು ಬೇಕೆಂದೇ ಕೆಡಿಸಿದ್ದಾಗಿ, ಅದಕ್ಕೊಂದು ಸ್ಪೇನಿನ ಪದ್ಧತಿ ಇರುವುದಾಗಿ ಸೇರಿಕೊಂಡಿತು. ನಾನು ಕೇಳಿದ ಕೊನೆಯ ಆವೃತ್ತಿಯಲ್ಲಿ ಅವರು ನನ್ನ ಭುಜ ತಟ್ಟಿ, “ನಮ್ಮ ಸಾಹೇಬ್ರೂ ಅವತ್ತು ಚೆರ್ರಿ ಅಂದ್ಬಿಟ್ರು, ಪಾಪ” ಎಂದರು. ನಾನು ಎದುರಿಗೇ ಕುಳಿತಿದ್ದೆ. ಎಲ್ಲರೂ ನನ್ನನ್ನು ನೋಡಿ ನಕ್ಕರು. ಅವರ ಕಣ್ಣಲ್ಲಿ ಕಿಂಚಿತ್ತೂ ಕಪಟ ಇರಲಿಲ್ಲ. ಅವರು ನಂಬಿದ್ದರು.

ಶ್ರದ್ಧಾಂಜಲಿ ಸಭೆ ಲೂಕನ್ನಿನ ಸಮುದಾಯ ಭವನದಲ್ಲಿ ನಡೆಯಿತು. ಎಲ್ಲರೂ ಅವರ ಮೂಗಿನ ಬಗ್ಗೆಯೇ ಮಾತಾಡಿದರು. ಅಂಥ ಮೂಗು ನೂರು ವರ್ಷಕ್ಕೊಂದು ಹುಟ್ಟುತ್ತದೆ ಎಂದರು ಒಬ್ಬರು. ಕಿರಣ ಕಣ್ಣೊರೆಸಿಕೊಂಡು, “ನಮ್ಗೆ ವಿನೆಗರ್ ಕೊಟ್ಟು ಕಣ್ಣು ತೆರೆಸಿದ ಗುರು” ಎಂದ. ನನಗೆ ಕೂರಲಾಗಲಿಲ್ಲ. ಹೊರಗೆ ಕಾರ್ ಪಾರ್ಕಿಗೆ ಬಂದೆ. ಡೆಕ್ಲನ್ ಕಪ್ಪು ಕೋಟಿನಲ್ಲಿ ನಿಂತು ಸಿಗರೇಟು ಸೇದುತ್ತಿದ್ದ.

“ಅವತ್ತು ಚಿಪ್ಪರ್ ಅಂದವನು ನೀನೇ ಅಲ್ಲವೇ” ಎಂದ ಇಂಗ್ಲಿಷಿನಲ್ಲಿ.

“ಹೌದು.”

“ಅವನಿಗೆ ಮೂಗು ಇರಲಿಲ್ಲ. ನನಗೆ ಆ ದಿನವೇ ಗೊತ್ತಾಯಿತು. ಆಕೆ ಪರೀಕ್ಷೆ ಅಂದಾಗ ಅವನ ಮುಖ ನೋಡಿದ್ದೆ. ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಆಶ್ಚರ್ಯ ಆಗಿದ್ದು ಅವನಿಗೆ.”

ನಾನು ಕೇಳಿದೆ: “ಮತ್ತೆ ಕೆಲಸ ಯಾಕೆ ಕೊಟ್ಟೆ?”

“ಮೂಗು ನನಗಿದೆ” ಎಂದ ಡೆಕ್ಲನ್. “ಆರಿಸುವುದು ಯಾವಾಗಲೂ ನಾನೇ. ಆದರೆ ಹನ್ನೊಂದು ಜನ ವಿದ್ಯಾವಂತರಿಗೆ ವಿನೆಗರ್ ಕುಡಿಸಿ, ಇನ್ನೊಂದು ಗ್ಲಾಸು ಬೇಡುವ ಹಾಗೆ ಮಾಡುವ ಬಾಯಿ ಇಡೀ ಐರ್ಲೆಂಡಿನಲ್ಲಿ ಇನ್ನೊಂದಿಲ್ಲ. ಅದನ್ನು ಬಿಟ್ಟು ಹೋಗಲು ನಾನೇನು ಹುಚ್ಚನೇ?” ಸಿಗರೇಟನ್ನು ಬೂಟಿನಡಿ ಹೊಸಕಿದ. “ನನ್ನ ಅತಿ ಒಳ್ಳೆಯ ಸೇಲ್ಸ್‌ಮನ್. ಗಾಡ್ ರೆಸ್ಟ್ ಹಿಮ್.”

ಅವನು ಕಾರಿನ ಕಡೆ ಹೋದ. ತಿರುಗಿದರೆ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ದೂರ ಇತ್ತು, ಮಾತು ಕೇಳಿಸಿರಲಾರದು.

“ಏನಂದ ಅವನು?”

ನಾನು ಇದ್ದದ್ದು ಇದ್ದಂತೆ ಹೇಳುವವನು. ಬಾಯಿ ತೆರೆದಾಗ ಬಂದದ್ದು ಇದು: “ಅಂಥಾ ಮೂಗು ಐರ್ಲೆಂಡಿನ್ಯಾಗ ಇನ್ನೊಂದಿಲ್ಲ ಅಂದಾನ್ರಿ ಅಕ್ಕಾರ.”

ಅಕ್ಕ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು.

“ನೀನೂ ಶುರು ಮಾಡಿದ್ಯೇನೋ?” ಎಂದರು.

ಒಳಗೆ ಮತ್ತೊಬ್ಬರು ಮಾತಿಗೆ ಎದ್ದಿದ್ದರು. ಅಕ್ಕ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ, ಮುಂದಿನ ಸಾಲಿನಲ್ಲಿ ನೆಟ್ಟಗೆ ಕುಳಿತು, ಮೂಗಿನ ಮಾತು ಬಂದಾಗಲೆಲ್ಲ ಹೌದು ಹೌದೆಂದು ತಲೆಯಾಡಿಸತೊಡಗಿದರು.